ಹುಸಿ ತಂತಿಯೊಳಗಿನ ಹರಿವುಗಳು

ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಭರಮಸಾಗರವು ಚಿತ್ರದುರ್ಗ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಇಂಥ ಊರಿನ ನಾಡಕಚೇರಿಯಲ್ಲಿ ಸಲ್ಲಿಕೆಯಾಗುವ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಅರ್ಜಿ, ಪಹಣಿಗಾಗಿ ‘ಭೂಮಿ’ ತಂತ್ರಾಂಶಕ್ಕೆ ಹೋಗುವ ಕೋರಿಕೆ, ಬ್ಯಾಂಕ್ ಶಾಖೆಯ ವಹಿವಾಟು, ಮೊಬೈಲ್ ಗೋಪುರದ ಮೂಲಕ ಹರಿಯುವ ಮಾತು ಮತ್ತು ವಿಡಿಯೊ ಇವೆಲ್ಲವೂ ಊರು ದಾಟಿದ ಮೇಲೆ ತಮ್ಮದೇ ಆದ ಪ್ರತ್ಯೇಕ ತಂತಿಗಳಲ್ಲಿ ಹೋಗುವುದಿಲ್ಲ. ಕೆಲವೇ ಆಪ್ಟಿಕಲ್ ಫೈಬರ್ ಎಳೆಗಳನ್ನು ಹಂಚಿಕೊಂಡು, ತಾಲ್ಲೂಕು ಮತ್ತು ಜಿಲ್ಲಾ ಕೇಂದ್ರಗಳಲ್ಲಿ ಇತರ ಊರುಗಳ ದಟ್ಟಣೆಯೊಡನೆ ಬೆರೆತು, ಕೊನೆಗೆ ಬೆಂಗಳೂರಿನಂಥ ಮಹಾಕೇಂದ್ರವನ್ನು ತಲುಪುತ್ತವೆ.

ಹೀಗೆ ಮೇಲೇರಿದಂತೆ ದಟ್ಟಣೆ ಕೂಡಿಕೊಳ್ಳುತ್ತ ಹೋಗುವುದರಿಂದ, ಊರಿನ ಮಟ್ಟದಲ್ಲಿ ಒಂದು ಲಿಂಕ್ ಸಾಕಾದರೂ ಜಿಲ್ಲಾ ಕೇಂದ್ರದಿಂದಾಚೆಗೆ ಸಾಲುವುದಿಲ್ಲ. ಸೇವಾದಾತ ಸಂಸ್ಥೆಗಳು ಅಲ್ಲಿ ಎರಡು, ನಾಲ್ಕು ಅಥವಾ ಎಂಟು ಸಮಾನ ಲಿಂಕ್‌ಗಳನ್ನು ಜೊತೆಜೊತೆಗೆ ಅಳವಡಿಸಿ ಹೊರೆಯನ್ನು ಅವುಗಳ ನಡುವೆ ಹಂಚುತ್ತವೆ. ಯಾವ ಪ್ಯಾಕೆಟ್ ಯಾವ ಲಿಂಕಿಗೆ ಎಂಬುದು ಮೇಲುನೋಟಕ್ಕೆ ಬರಿಯ ಭಾಗಾಕಾರದ ಲೆಕ್ಕದಂತೆ ಕಂಡರೂ, ದಟ್ಟಣೆಯು ಎಂಪಿಎಲ್‌ಎಸ್ ಜಾಲದ ‘ಸ್ಯೂಡೋವೈರ್’ಗಳೊಳಗೆ ಅಡಗಿ ಸಾಗುವಾಗ ಅದು ಕಠಿಣವಾಗುತ್ತದೆ. ಕಾರಣವಿಷ್ಟೇ: ಒಳಗೆ ಏನಿದೆ ಎಂಬುದನ್ನು ಬಲ್ಲ ಯಂತ್ರ ಜಾಲದ ಅಂಚಿನಲ್ಲಿದೆ, ಹಂಚುವ ಹೊಣೆ ಹೊತ್ತ ಯಂತ್ರ ಜಾಲದ ನಡುವಿನಲ್ಲಿದೆ. ಈ ಎರಡರ ನಡುವೆ ಅಗತ್ಯವಿದ್ದಷ್ಟೇ ತಿಳಿವಳಿಕೆಯನ್ನು ದಾಟಿಸುವ ಉಪಾಯ ರೂಪುಗೊಂಡ ಬಗೆಯೇ ಈ ಲೇಖನದ ವಿಷಯ.

ಲೇಬಲ್‌ನಿಂದ ಸಾಗುವ ದಟ್ಟಣೆ

ಸಾಮಾನ್ಯ ಅಂತರ್ಜಾಲದಲ್ಲಿ ದಾರಿಯುದ್ದಕ್ಕೂ ಪ್ರತಿಯೊಂದು ರೂಟರ್ ಪ್ಯಾಕೆಟ್ಟಿನ ಐಪಿ ವಿಳಾಸವನ್ನು ಓದಿ, ತನ್ನ ಕೋಷ್ಟಕದಲ್ಲಿ ಹುಡುಕಿ, ಮುಂದಿನ ಹೆಜ್ಜೆಯನ್ನು ನಿರ್ಧರಿಸುತ್ತದೆ. ಎಂಪಿಎಲ್‌ಎಸ್ ಪದ್ಧತಿಯಲ್ಲಿ ಈ ಹುಡುಕಾಟ ಜಾಲದ ಅಂಚಿನಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ. ಅಂಚಿನ ರೂಟರ್ ಪ್ಯಾಕೆಟ್ಟಿನ ಮುಂದೆ ಒಂದು ಲೇಬಲ್ ಅಂಟಿಸುತ್ತದೆ. ನಡುವಿನ ರೂಟರ್‌ಗಳು ಆ ಲೇಬಲ್ ಅನ್ನಷ್ಟೇ ನೋಡಿ, ಅದರ ಜಾಗದಲ್ಲಿ ಮುಂದಿನ ಲೇಬಲ್ ಇಟ್ಟು, ಪ್ಯಾಕೆಟ್ ಅನ್ನು ಸಾಗಹಾಕುತ್ತವೆ. ಅಂತರ್ಜಾಲದ ತಾಂತ್ರಿಕ ಮಾನದಂಡಗಳನ್ನು ರೂಪಿಸುವ ಐಇಟಿಎಫ್ ಸಂಸ್ಥೆಯು ಈ ಪದ್ಧತಿಯ ಮೂಲ ವಿನ್ಯಾಸವನ್ನು 2001ರ ಜನವರಿಯಲ್ಲಿ ಆರ್‌ಎಫ್‌ಸಿ 3031 ಎಂಬ ದಾಖಲೆಯಾಗಿ ಪ್ರಕಟಿಸಿತು.

ಒಂದು ಲೇಬಲ್ ನಮೂದಿನ ಗಾತ್ರ 32 ಬಿಟ್, ಅಂದರೆ 4 ಬೈಟ್. ಅದರಲ್ಲಿ 20 ಬಿಟ್ ಲೇಬಲ್‌ನ ಸಂಖ್ಯೆಗೆ, 3 ಬಿಟ್ ದಟ್ಟಣೆಯ ಆದ್ಯತೆಗೆ, 8 ಬಿಟ್ ಪ್ಯಾಕೆಟ್ ಇನ್ನೆಷ್ಟು ರೂಟರ್‌ಗಳನ್ನು ದಾಟಬಹುದೆಂಬ ಮಿತಿಗೆ ಮೀಸಲು. ಉಳಿದ ಒಂದು ಬಿಟ್, ಇದೇ ಕೊನೆಯ ಲೇಬಲ್ ಹೌದೋ ಅಲ್ಲವೋ ಎಂಬುದನ್ನು ಹೇಳುತ್ತದೆ. ಲೇಬಲ್‌ಗಳನ್ನು ಒಂದರ ಮೇಲೊಂದು ಪೇರಿಸಲು ಅವಕಾಶವಿರುವುದರಿಂದ ಈ ಬಿಟ್ ಅನಿವಾರ್ಯ. ಆದರೆ ಲೇಬಲ್‌ಗಳ ಪೇರಿಕೆಯ ಕೆಳಗೆ ಐಪಿ ಪ್ಯಾಕೆಟ್ ಇದೆಯೋ, ಈಥರ್‌ನೆಟ್ ಫ್ರೇಮ್ ಇದೆಯೋ, ಹಳೆಯ ದೂರವಾಣಿ ವ್ಯವಸ್ಥೆಯ ಬಿಟ್‌ಗಳಿವೆಯೋ ಎಂಬುದನ್ನು ತಿಳಿಸುವ ಅಂಕಣವೇ ಈ 32 ಬಿಟ್‌ಗಳಲ್ಲಿ ಇಲ್ಲ. ಮುಂದೆ ಹೇಳಲಿರುವ ತೊಡಕುಗಳಿಗೆಲ್ಲ ಈ ಕೊರತೆಯೇ ಮೂಲ.

ತಂತಿ ಇಲ್ಲದ ತಂತಿ

ಸ್ಯೂಡೋವೈರ್ ಎಂದರೆ ಎರಡು ಸ್ಥಳಗಳ ನಡುವೆ ನೇರ ತಂತಿಯನ್ನು ಎಳೆಯದೆಯೇ, ಎಳೆದಂತೆ ತೋರುವ ಹಾಗೆ ಪ್ಯಾಕೆಟ್ ಜಾಲದ ಮೇಲೆ ನಿರ್ಮಿಸಿದ ಸಂಪರ್ಕ. ಒಂದು ಬ್ಯಾಂಕು ತನ್ನ ಜಿಲ್ಲಾ ಕಚೇರಿಯನ್ನು ಬೆಂಗಳೂರಿನ ದತ್ತಾಂಶ ಕೇಂದ್ರಕ್ಕೆ ಜೋಡಿಸಬೇಕೆಂದರೆ ಸೇವಾದಾತ ಸಂಸ್ಥೆ ಎರಡೂ ತುದಿಯಲ್ಲಿ ಒಂದೊಂದು ಈಥರ್‌ನೆಟ್ ಪೋರ್ಟ್ ಕೊಡುತ್ತದೆ; ಒಂದು ತುದಿಯಲ್ಲಿ ಒಳಹೊಕ್ಕ ಫ್ರೇಮ್ ಯಾವ ಬದಲಾವಣೆಯೂ ಇಲ್ಲದೆ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ನಡುವೆ ಎಷ್ಟು ರೂಟರ್‌ಗಳಿವೆ, ಎಷ್ಟು ಜನರ ದಟ್ಟಣೆ ಅದೇ ಫೈಬರ್‌ನಲ್ಲಿ ಬೆರೆತಿದೆ ಎಂಬುದು ಗ್ರಾಹಕನಿಗೆ ಕಾಣುವುದೂ ಇಲ್ಲ, ಕಾಣಬೇಕಾಗಿಯೂ ಇಲ್ಲ.

ಇದಕ್ಕಾಗಿ ಅಂಚಿನ ರೂಟರ್ ಫ್ರೇಮಿನ ಮೇಲೆ ಎರಡು ಲೇಬಲ್‌ಗಳನ್ನು ಪೇರಿಸುತ್ತದೆ. ಮೇಲಿನ ಲೇಬಲ್ ದೂರದ ಅಂಚಿನ ರೂಟರ್‌ಗೆ ತಲುಪುವ ದಾರಿಯನ್ನು ಹೇಳುತ್ತದೆ. ಕೆಳಗಿನದು, ಅಲ್ಲಿ ತಲುಪಿದ ಮೇಲೆ ಈ ಫ್ರೇಮ್ ಯಾವ ಗ್ರಾಹಕನ ಸ್ಯೂಡೋವೈರ್‌ಗೆ ಸೇರಿದ್ದೆಂದು ಗುರುತಿಸುತ್ತದೆ. ಇದರ ಒಟ್ಟು ವಿನ್ಯಾಸ 2005ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 3985 ಆಗಿಯೂ, ಈಥರ್‌ನೆಟ್ ಫ್ರೇಮ್‌ಗಳನ್ನು ಹೀಗೆ ಸಾಗಿಸುವ ಕ್ರಮ 2006ರ ಏಪ್ರಿಲ್‌ನಲ್ಲಿ ಆರ್‌ಎಫ್‌ಸಿ 4448 ಆಗಿಯೂ ಹೊರಬಂದವು. ಹಳೆಯ ದೂರವಾಣಿ ಜಾಲದ ಇ1 ಲಿಂಕ್, ಅಂದರೆ ಸೆಕೆಂಡಿಗೆ 2.048 ಮೆಗಾಬಿಟ್ ವೇಗದಲ್ಲಿ 64 ಕಿಲೋಬಿಟ್‌ನ 32 ಕಾಲುವೆಗಳನ್ನು ಸಾಗಿಸುವ ಸಂಪರ್ಕವನ್ನೂ ಸ್ಯೂಡೋವೈರ್ ಆಗಿ ಪರಿವರ್ತಿಸಬಹುದು. 2ಜಿ ಮೊಬೈಲ್ ಗೋಪುರಗಳನ್ನು ಹೊಸ ಪ್ಯಾಕೆಟ್ ಜಾಲಗಳಿಗೆ ಜೋಡಿಸುವಾಗ ಈ ವಿಧಾನ ಬಹಳ ಉಪಯೋಗಕ್ಕೆ ಬಂದಿತು. ರಾಜ್ಯ ರಾಜಧಾನಿ, ಜಿಲ್ಲೆ ಮತ್ತು ತಾಲ್ಲೂಕು ಕೇಂದ್ರಗಳನ್ನು ಜೋಡಿಸುವ ರಾಜ್ಯ ವ್ಯಾಪಕ ಜಾಲಗಳ ಯೋಜನೆಗೆ ಕೇಂದ್ರ ಸರ್ಕಾರ 2005ರ ಮಾರ್ಚ್‌ನಲ್ಲಿ ಒಪ್ಪಿಗೆ ನೀಡಿದಾಗ ಪ್ರತಿ ಸಂಪರ್ಕಕ್ಕೆ ನಿಗದಿಯಾದ ಕನಿಷ್ಠ ವೇಗವೂ 2 ಮೆಗಾಬಿಟ್ ಆಗಿತ್ತು. ಕರ್ನಾಟಕದ ಕೆಸ್ವಾನ್ ಆ ಮಾದರಿಯ ಜಾಲ. ಆ ಕಾಲದ ವೇಗಕ್ಕೆ ಒಂದೇ ಲಿಂಕ್ ಧಾರಾಳವಾಗಿತ್ತು, ಹಂಚಿಕೆಯ ಪ್ರಶ್ನೆ ಅಷ್ಟಾಗಿ ಎದ್ದಿರಲಿಲ್ಲ. ಒಂದೊಂದು ಸ್ಯೂಡೋವೈರ್ ಗಿಗಾಬಿಟ್‌ಗಳ ಲೆಕ್ಕದಲ್ಲಿ ಉಬ್ಬಿದಾಗ ಆ ಪ್ರಶ್ನೆ ಎದುರಾಯಿತು.

ಹಂಚಿಕೆ ಮತ್ತು ಅನುಕ್ರಮ

ಸಮಾನ ದೂರದ ಹಲವು ದಾರಿಗಳಿದ್ದಾಗ ದಟ್ಟಣೆಯನ್ನು ಅವುಗಳ ನಡುವೆ ಹಂಚುವುದಕ್ಕೆ ಇಸಿಎಂಪಿ ಎಂದೂ, ಎರಡು ರೂಟರ್‌ಗಳ ನಡುವಿನ ಹಲವು ಲಿಂಕ್‌ಗಳನ್ನು ಒಂದೇ ದೊಡ್ಡ ಲಿಂಕ್‌ನಂತೆ ಕಟ್ಟುವುದಕ್ಕೆ ಲ್ಯಾಗ್ ಎಂದೂ ಹೆಸರು. ಎರಡರಲ್ಲಿಯೂ ಅತಿ ಸುಲಭವೆನಿಸುವ ಉಪಾಯವೆಂದರೆ ಮೊದಲ ಪ್ಯಾಕೆಟ್ ಮೊದಲ ಲಿಂಕಿಗೆ, ಎರಡನೆಯದು ಎರಡನೆಯದಕ್ಕೆ ಎಂದು ಸರದಿಯಲ್ಲಿ ಕಳಿಸುವುದು. ಆದರೆ ಲಿಂಕ್‌ಗಳ ಉದ್ದ ಮತ್ತು ಸರತಿಯ ಕಾಯುವಿಕೆ ಕೂದಲೆಳೆಯಷ್ಟಾದರೂ ಬೇರೆಯಾಗಿರುವುದರಿಂದ, ಹಿಂದೆ ಹೊರಟ ಪ್ಯಾಕೆಟ್ ಮುಂದೆ ತಲುಪುವ ಸಂಭವವಿದೆ. ಕೆರೆಯ ತೂಬಿನಿಂದ ಹೊರಟ ನೀರನ್ನು ಎರಡು ಕಾಲುವೆಗಳಿಗೆ ಬಿಟ್ಟರೆ ಯಾವ ಹನಿ ಮೊದಲು ಬಂತೆಂದು ಗದ್ದೆ ಕೇಳುವುದಿಲ್ಲ, ಗಣಕಯಂತ್ರ ಕೇಳುತ್ತದೆ. ಅಂತರ್ಜಾಲದ ಬಹುಪಾಲು ದತ್ತಾಂಶವನ್ನು ಸಾಗಿಸುವ ಟಿಸಿಪಿ ನಿಯಮಾವಳಿಯಲ್ಲಿ, ಸ್ವೀಕರಿಸುವ ಯಂತ್ರ ನಡುವಿನ ಪ್ಯಾಕೆಟ್ ಕಾಣದೆ ಒಂದೇ ಸ್ವೀಕೃತಿಯನ್ನು ಮೂರು ಬಾರಿ ಪುನರುಚ್ಚರಿಸಿದರೆ ಕಳಿಸುವ ಯಂತ್ರ ಪ್ಯಾಕೆಟ್ ಕಳೆದುಹೋಯಿತೆಂದು ಭಾವಿಸಿ, ಅದನ್ನು ಮತ್ತೆ ಕಳಿಸುವುದಲ್ಲದೆ ತನ್ನ ವೇಗವನ್ನೂ ತಗ್ಗಿಸುತ್ತದೆ. ಹೀಗೆ ಅನುಕ್ರಮ ಕೆಟ್ಟರೆ, ಲಿಂಕ್‌ಗಳು ಖಾಲಿಯಿದ್ದರೂ ಬಳಕೆದಾರನಿಗೆ ಜಾಲ ನಿಧಾನವಾಗಿ ತೋರುತ್ತದೆ.

ಆದ್ದರಿಂದ ರೂಟರ್‌ಗಳು ಪ್ಯಾಕೆಟ್‌ಗಳ ಬದಲು ಹರಿವುಗಳನ್ನು ಹಂಚುತ್ತವೆ. ಒಂದು ಹರಿವು ಎಂದರೆ ಇಬ್ಬರು ನಿರ್ದಿಷ್ಟ ಸಂವಾದಿಗಳ ನಡುವಿನ ಒಂದು ಸಂಭಾಷಣೆ. ಕಳಿಸಿದವರ ಮತ್ತು ಪಡೆಯುವವರ ಐಪಿ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಬಳಸಿದ ನಿಯಮಾವಳಿ ಎಂಬ ಐದು ಅಂಶಗಳಿಂದ ಅದನ್ನು ಗುರುತಿಸಬಹುದು. ರೂಟರ್ ಈ ಐದನ್ನೂ ‘ಹ್ಯಾಶ್’ ಎಂಬ ಗಣಿತ ಸೂತ್ರಕ್ಕೆ ಒಡ್ಡಿ ಒಂದು ಸಂಖ್ಯೆ ಪಡೆಯುತ್ತದೆ; ಲಿಂಕ್‌ಗಳು ನಾಲ್ಕಿದ್ದರೆ ಆ ಸಂಖ್ಯೆಯನ್ನು ನಾಲ್ಕರಿಂದ ಭಾಗಿಸಿ ಉಳಿದ ಶೇಷವೇ ಲಿಂಕಿನ ಕ್ರಮಾಂಕವಾಗುತ್ತದೆ. ಒಂದೇ ಹರಿವಿನ ಪ್ಯಾಕೆಟ್‌ಗಳಿಗೆಲ್ಲ ಒಂದೇ ಉತ್ತರ ಬರುವುದರಿಂದ ಅವು ಒಂದೇ ಲಿಂಕ್ ಹಿಡಿದು ಅನುಕ್ರಮದಲ್ಲಿ ತಲುಪುತ್ತವೆ. ಹರಿವುಗಳು ಸಾವಿರಾರು ಇದ್ದಾಗ ಲಿಂಕ್‌ಗಳ ಮೇಲಿನ ಹೊರೆ ಹೆಚ್ಚುಕಡಿಮೆ ಸಮವಾಗಿ ಬೀಳುತ್ತದೆ.

ಎರಡು ಬಗೆಯ ಕೇಡು

ಸ್ಯೂಡೋವೈರ್ ಬಂದೊಡನೆ ಈ ಏರ್ಪಾಡು ಕೆಡುತ್ತದೆ. ಐದು ಅಂಶಗಳೂ ಲೇಬಲ್‌ಗಳ ಮತ್ತು ಈಥರ್‌ನೆಟ್ ಫ್ರೇಮಿನ ಅಡಿಯಲ್ಲಿ ಹುದುಗಿರುವುದರಿಂದ, ಲೇಬಲ್‌ಗಳನ್ನಷ್ಟೇ ಓದುವ ನಡುವಿನ ರೂಟರ್‌ಗೆ ಒಂದು ಸ್ಯೂಡೋವೈರ್‌ನ ಸಾವಿರಾರು ಹರಿವುಗಳು ಒಂದೇ ಹರಿವಾಗಿ ಕಾಣುತ್ತವೆ. ಎರಡು ರೂಟರ್‌ಗಳ ನಡುವೆ 10 ಗಿಗಾಬಿಟ್‌ನ ಎರಡು ಲಿಂಕ್‌ಗಳಿದ್ದು, ಅವುಗಳ ಮೇಲೆ 8 ಗಿಗಾಬಿಟ್‌ನ ಒಂದು ಮತ್ತು 2 ಗಿಗಾಬಿಟ್‌ನ ಮೂರು ಸ್ಯೂಡೋವೈರ್‌ಗಳು ಸಾಗಬೇಕೆಂದು ಭಾವಿಸಿದರೆ, ಒಟ್ಟು 20ರ ಸಾಮರ್ಥ್ಯದಲ್ಲಿ ಬೇಡಿಕೆ 14 ಮಾತ್ರ. ಆದರೆ ಹ್ಯಾಶ್ ಲೆಕ್ಕವು ದೊಡ್ಡ ಸ್ಯೂಡೋವೈರ್ ಮತ್ತು ಚಿಕ್ಕವುಗಳಲ್ಲಿ ಎರಡನ್ನು ಮೊದಲ ಲಿಂಕಿಗೇ ಹಾಕಿದರೆ ಅಲ್ಲಿ ಬೇಡಿಕೆ 12ಕ್ಕೇರಿ, ಸೆಕೆಂಡಿಗೆ 2 ಗಿಗಾಬಿಟ್‌ನಷ್ಟು ದತ್ತಾಂಶ ಬಿದ್ದುಹೋಗುತ್ತದೆ. ಪಕ್ಕದ ಲಿಂಕ್ ಐದನೇ ಒಂದು ಪಾಲು ಮಾತ್ರ ತುಂಬಿರುತ್ತದೆ. ದೊಡ್ಡ ಸ್ಯೂಡೋವೈರ್ ಒಂದೇ 12 ಗಿಗಾಬಿಟ್‌ಗೆ ಬೆಳೆದರಂತೂ ಯಾವ ಜೋಡಣೆಯೂ ಅದನ್ನು ಉಳಿಸದು. ಲಿಂಕ್‌ಗಳ ಸಂಖ್ಯೆ ಹೆಚ್ಚಿಸಿದರೂ ಫಲವಿಲ್ಲ, ಏಕೆಂದರೆ ಆ ಸ್ಯೂಡೋವೈರ್ ಅವುಗಳಲ್ಲಿ ಒಂದನ್ನೇ ಬಳಸುತ್ತದೆ.

ಎರಡನೆಯ ಕೇಡು ಇದಕ್ಕೆ ತದ್ವಿರುದ್ಧವಾದದ್ದು. ಲೇಬಲ್‌ಗಳ ಕೆಳಗೆ ಏನಿದೆ ಎಂದು ಹೇಳುವ ಅಂಕಣ ಇಲ್ಲದ ಕಾರಣ ಅನೇಕ ರೂಟರ್‌ಗಳು ಊಹೆಗೆ ಮೊರೆಹೋಗುತ್ತವೆ: ಕೊನೆಯ ಲೇಬಲ್ ಮುಗಿದ ಮೇಲಿನ ಮೊದಲ ನಾಲ್ಕು ಬಿಟ್‌ಗಳ ಬೆಲೆ 4 ಆಗಿದ್ದರೆ ಒಳಗಿರುವುದು ಐಪಿ ನಾಲ್ಕನೇ ಆವೃತ್ತಿ, 6 ಆಗಿದ್ದರೆ ಆರನೇ ಆವೃತ್ತಿ ಎಂದು ಎಣಿಸಿ, ಅಲ್ಲಿಂದಲೇ ವಿಳಾಸಗಳನ್ನು ಓದಿ ಹಂಚುತ್ತವೆ. ಐಪಿ ಶಿರೋಭಾಗ ಆವೃತ್ತಿಯ ಸಂಖ್ಯೆಯಿಂದಲೇ ಆರಂಭವಾಗುವುದರಿಂದ ಈ ಊಹೆಗೆ ಆಧಾರವಿಲ್ಲದಿಲ್ಲ. ಆದರೆ ಈಥರ್‌ನೆಟ್ ಫ್ರೇಮ್ ಆರಂಭವಾಗುವುದು ಪಡೆಯುವ ಯಂತ್ರದ ಮ್ಯಾಕ್ ವಿಳಾಸದಿಂದ. ಅಂದರೆ ತಯಾರಕರು ಪ್ರತಿ ಜಾಲ ಉಪಕರಣಕ್ಕೆ ಕೊಟ್ಟ 6 ಬೈಟ್‌ಗಳ ಗುರುತಿನಿಂದ. ಆ ಗುರುತು 4 ಅಥವಾ 6ರಿಂದ ಶುರುವಾದರೆ ರೂಟರ್ ಮೋಸಹೋಗುತ್ತದೆ. ಮೊದಮೊದಲು ಅಪರೂಪವಾಗಿದ್ದ ಇಂಥ ಮ್ಯಾಕ್ ವಿಳಾಸಗಳು, ಐಇಇಇ ಸಂಸ್ಥೆ ಆ ಅಂಕಿಗಳಿಂದ ಆರಂಭವಾಗುವ ಗುಂಪುಗಳನ್ನೂ ಹಂಚತೊಡಗಿದ ಮೇಲೆ ನಿಜವಾದ ಜಾಲಗಳಲ್ಲಿ ಕಾಣಿಸಿಕೊಂಡವು.

ಮೋಸಹೋದ ರೂಟರ್ ಏನನ್ನು ಓದುತ್ತದೆ ಎಂಬುದನ್ನು ಬೈಟ್ ಬೈಟಾಗಿ ನೋಡಿದರೆ ಅನರ್ಥದ ಬಗೆ ಸ್ಪಷ್ಟವಾಗುತ್ತದೆ. ಐಪಿ ನಾಲ್ಕನೇ ಆವೃತ್ತಿಯ ಶಿರೋಭಾಗದಲ್ಲಿ, ಸೊನ್ನೆಯಿಂದ ಎಣಿಸಿದರೆ, 16ರಿಂದ 19ರವರೆಗಿನ ಬೈಟ್‌ಗಳು ಪಡೆಯುವವರ ವಿಳಾಸ. ವಿಲ್ಯಾನ್ ಗುರುತಿಲ್ಲದ ಸಾದಾ ಈಥರ್‌ನೆಟ್ ಫ್ರೇಮಿನಲ್ಲಿ ಅದೇ ಸ್ಥಾನದಲ್ಲಿರುವುದು, 14ನೇ ಬೈಟಿನಿಂದ ಆರಂಭವಾಗುವ ಒಳಗಿನ ಐಪಿ ಪ್ಯಾಕೆಟ್ಟಿನ ಒಟ್ಟು ಉದ್ದ ಮತ್ತು ಅದರ ಗುರುತಿನ ಸಂಖ್ಯೆ. ಇವೆರಡೂ ಒಂದೇ ಸಂಭಾಷಣೆಯೊಳಗೆ ಪ್ಯಾಕೆಟ್‌ನಿಂದ ಪ್ಯಾಕೆಟ್‌ಗೆ ಬದಲಾಗುವಂಥವು. ರೂಟರ್ ಅವನ್ನೇ ವಿಳಾಸವೆಂದು ತಿಳಿದು ಹ್ಯಾಶ್ ಮಾಡಿದಾಗ ಒಂದೇ ಹರಿವಿನ ಪ್ಯಾಕೆಟ್‌ಗಳು ಹಲವು ಲಿಂಕ್‌ಗಳಿಗೆ ಚದುರಿ ಅನುಕ್ರಮ ತಪ್ಪುತ್ತವೆ. ಗ್ರಾಹಕನು ಒಂದು ಕಡೆಯ ಉಪಕರಣವನ್ನು ಬದಲಿಸಿದ ದಿನದಿಂದ, ಬೇರೆ ಏನೂ ಬದಲಾಗದಿದ್ದರೂ, ಸಂಪರ್ಕ ಕುಂಟತೊಡಗುವಂಥ ಬಿಡಿಸಲಾಗದ ದೂರುಗಳ ಹಿಂದೆ ಇಂಥ ಕಾರಣ ಇರಬಲ್ಲದು.

ಈ ಎರಡನೆಯ ಕೇಡಿಗೆ ಮದ್ದು ‘ಕಂಟ್ರೋಲ್ ವರ್ಡ್’. ಲೇಬಲ್‌ಗಳಿಗೂ ಫ್ರೇಮಿಗೂ ನಡುವೆ 4 ಬೈಟ್‌ಗಳ ಒಂದು ನಮೂದನ್ನು ಸೇರಿಸಿ, ಅದರ ಮೊದಲ ನಾಲ್ಕು ಬಿಟ್‌ಗಳನ್ನು ಸೊನ್ನೆಯಾಗಿಸಿದರೆ ರೂಟರ್ ಅದನ್ನು ಐಪಿ ಎಂದು ಭ್ರಮಿಸುವುದಿಲ್ಲ. ಅನುಕ್ರಮ ಸಂಖ್ಯೆಗೂ ಅದರಲ್ಲಿ 16 ಬಿಟ್ ಜಾಗವಿದೆ. 2006ರ ಫೆಬ್ರುವರಿಯಲ್ಲಿ ಆರ್‌ಎಫ್‌ಸಿ 4385 ಇದರ ರೂಪವನ್ನು ನಿರ್ದೇಶಿಸಿತು. ಈಥರ್‌ನೆಟ್ ಸ್ಯೂಡೋವೈರ್‌ಗೆ ಅದು ಬಹುಕಾಲ ಐಚ್ಛಿಕವಾಗಿಯೇ ಉಳಿದಿತ್ತು; ಅದನ್ನು ಬಳಸಲೇಬೇಕೆಂಬ ಒತ್ತಾಯದ ಶಿಫಾರಸು ಬಂದದ್ದು 2018ರ ನವೆಂಬರ್‌ನಲ್ಲಿ, ಆರ್‌ಎಫ್‌ಸಿ 8469ರ ಮೂಲಕ. ಆದರೆ ಕಂಟ್ರೋಲ್ ವರ್ಡ್ ಚದುರುವಿಕೆಯನ್ನು ತಡೆಯುತ್ತದೆಯೇ ಹೊರತು ಹಂಚಿಕೆಯನ್ನು ಸಾಧಿಸುವುದಿಲ್ಲ; ಊಹೆಯ ದಾರಿ ಮುಚ್ಚಿದ ಮೇಲೆ ಇಡೀ ಸ್ಯೂಡೋವೈರ್ ಮತ್ತೆ ಒಂದೇ ಲಿಂಕಿಗೆ ಸೇರುತ್ತದೆ.

ಅಂಚಿನಿಂದ ನಡುವಿಗೆ ಒಂದು ಗುರುತು

ಕಂಟ್ರೋಲ್ ವರ್ಡ್ ಉಳಿಸಿಹೋದ ಮೊದಲ ಕೇಡನ್ನು ನೀಗಿಸಿದ ವಿಚಾರ ಸರಳವಾದದ್ದು. ಫ್ರೇಮಿಗೆ ಲೇಬಲ್ ಅಂಟಿಸುವ ಅಂಚಿನ ರೂಟರ್‌ಗೆ ಒಳಗಿರುವುದು ಈಥರ್‌ನೆಟ್ ಎಂದು ಖಚಿತವಾಗಿ ಗೊತ್ತು. ಅದರೊಳಗಿನ ಐಪಿ ವಿಳಾಸ ಮತ್ತು ಪೋರ್ಟ್‌ಗಳನ್ನು ಊಹೆಯಿಲ್ಲದೆ ಅದು ಓದಬಲ್ಲದು. ಹ್ಯಾಶ್ ಲೆಕ್ಕವನ್ನು ಅಲ್ಲಿಯೇ ಮಾಡಿ, ಬಂದ ಉತ್ತರವನ್ನು ಇನ್ನೊಂದು ಲೇಬಲ್ ಆಗಿ ಪೇರಿಕೆಯ ತಳದಲ್ಲಿ ಇಟ್ಟುಬಿಟ್ಟರೆ, ಲೇಬಲ್‌ಗಳನ್ನು ಓದಲು ಮಾತ್ರ ಬಲ್ಲ ನಡುವಿನ ರೂಟರ್ ತನಗೆ ಗೊತ್ತಿಲ್ಲದಂತೆಯೇ ಹರಿವುಗಳನ್ನು ಬೇರ್ಪಡಿಸುತ್ತದೆ. 2011ರ ನವೆಂಬರ್‌ನಲ್ಲಿ ಸ್ಟೂವರ್ಟ್ ಬ್ರಯಾಂಟ್, ಕ್ಲಾರೆನ್ಸ್ ಫಿಲ್ಸ್‌ಫಿಲ್ಸ್, ವಾಚ್ ಕೊಂಪೆಲ್ಲ ಮೊದಲಾದವರು ಆರ್‌ಎಫ್‌ಸಿ 6391ರಲ್ಲಿ ವಿವರಿಸಿದ ಈ ಏರ್ಪಾಡನ್ನು ಎಂಜಿನಿಯರ್‌ಗಳು ‘ಫ್ಯಾಟ್ ಸ್ಯೂಡೋವೈರ್’ ಎನ್ನುತ್ತಾರೆ, ತಳದ ಲೇಬಲ್ ಅನ್ನು ‘ಫ್ಲೋ ಲೇಬಲ್’ ಎನ್ನುತ್ತಾರೆ.

ಫ್ಲೋ ಲೇಬಲ್ ಯಾವ ದಾರಿಯನ್ನೂ ಸೂಚಿಸುವುದಿಲ್ಲ, ಯಾವ ರೂಟರ್‌ನ ಕೋಷ್ಟಕದಲ್ಲಿಯೂ ಅದಕ್ಕೆ ನಮೂದಿಲ್ಲ. ಹರಿವಿನಿಂದ ಹರಿವಿಗೆ ಬೇರೆಯಾಗಿರುವುದಷ್ಟೇ ಅದರ ಕೆಲಸ. 20 ಬಿಟ್‌ಗಳಿಂದ ಸಿಗುವ 10,48,576 ಸಂಖ್ಯೆಗಳಲ್ಲಿ ವಿಶೇಷ ಉದ್ದೇಶಕ್ಕೆ ಮೀಸಲಾದ 0ರಿಂದ 15ರವರೆಗಿನವನ್ನು ಬಿಟ್ಟು ಉಳಿದ ಯಾವುದನ್ನಾದರೂ ಬಳಸಬಹುದು. ಈ ಲೇಬಲ್ ಆಕಸ್ಮಿಕವಾಗಿ ಮೇಲಕ್ಕೆ ಬಂದು ಯಾವುದಾದರೂ ರೂಟರ್ ಅದನ್ನು ದಾರಿಯ ಲೇಬಲ್ ಎಂದು ತಪ್ಪಾಗಿ ತಿಳಿದರೂ ಪ್ಯಾಕೆಟ್ ಮುಂದೆ ಹೋಗದಿರಲೆಂದು ಅದರ ಹೆಜ್ಜೆಯ ಮಿತಿಯನ್ನು 1 ಎಂದು ಇಡಲಾಗುತ್ತದೆ. ದೂರದ ಅಂಚಿನ ರೂಟರ್ ಸ್ಯೂಡೋವೈರ್‌ನ ಲೇಬಲ್ ತೆಗೆದ ಮೇಲೆ ಫ್ಲೋ ಲೇಬಲ್ ಅನ್ನು ಓದದೆಯೇ ಎಸೆಯುತ್ತದೆ. ಆದ್ದರಿಂದಲೇ ಎರಡೂ ಅಂಚುಗಳು ಸಂಪರ್ಕ ಕಟ್ಟುವಾಗ, ಫ್ಲೋ ಲೇಬಲ್ ಕಳಿಸಬಲ್ಲೆ ಮತ್ತು ಸ್ವೀಕರಿಸಬಲ್ಲೆ ಎಂದು ಪರಸ್ಪರ ತಿಳಿಸಿ ಒಪ್ಪಿಕೊಂಡಿರಬೇಕು. ನಡುವಿನ ರೂಟರ್‌ಗಳಲ್ಲಿ ಮಾತ್ರ ಯಾವ ಬದಲಾವಣೆಯೂ ಬೇಡ. ಮೇಲಿನ ಉದಾಹರಣೆಯಲ್ಲಿ ಈ ಏರ್ಪಾಡು ಜಾರಿಗೆ ಬಂದರೆ 14 ಗಿಗಾಬಿಟ್‌ನ ಹೊರೆ ಎರಡು ಲಿಂಕ್‌ಗಳಲ್ಲಿ ಏಳೇಳರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಇದೇ ವಿಚಾರವನ್ನು ಸ್ಯೂಡೋವೈರ್‌ಗಳಾಚೆಗೂ ವಿಸ್ತರಿಸಿದ್ದು ಕಿರೀಟಿ ಕೊಂಪೆಲ್ಲ ಮತ್ತು ಸಂಗಡಿಗರು ರಚಿಸಿದ ಆರ್‌ಎಫ್‌ಸಿ 6790. ಅದು 2012ರ ನವೆಂಬರ್‌ನಲ್ಲಿ ಪ್ರಕಟವಾಯಿತು. ಅದರಲ್ಲಿನ ‘ಎಂಟ್ರಪಿ ಲೇಬಲ್’ ಪೇರಿಕೆಯ ತಳದಲ್ಲಿಯೇ ಇರಬೇಕೆಂದಿಲ್ಲ. ಅದರ ಮುಂದೆ 7 ಎಂಬ ಮೀಸಲು ಲೇಬಲ್ ಇಟ್ಟು, ಮುಂದಿನದು ಹಂಚಿಕೆಯ ಗುರುತು ಮಾತ್ರ ಎಂದು ಸೂಚಿಸಲಾಗುತ್ತದೆ. ಫ್ಲೋ ಲೇಬಲ್ 4 ಬೈಟ್ ಹೆಚ್ಚುವರಿ ಜಾಗ ಕೇಳಿದರೆ ಇದು 8 ಬೈಟ್ ಕೇಳುತ್ತದೆ. ಪ್ರತಿಯಾಗಿ, ಒಂದು ದಾರಿಯಲ್ಲಿ ಸಾಗುವ ಎಲ್ಲ ಬಗೆಯ ದಟ್ಟಣೆಗೂ ಇದು ಒದಗುತ್ತದೆ.

ಉಪಾಯದ ಎಲ್ಲೆಗಳು

ಯಾವ ಗುರುತೂ ಒಂದು ಹರಿವನ್ನು ಎರಡಾಗಿ ಸೀಳಲಾರದು. ಎರಡು ದತ್ತಾಂಶ ಕೇಂದ್ರಗಳ ನಡುವೆ ಒಂದೇ ಸಂಭಾಷಣೆಯಾಗಿ ಹರಿಯುವ ಹಲವು ಗಿಗಾಬಿಟ್‌ನ ಬ್ಯಾಕಪ್ ಇದ್ದರೆ, ಅಥವಾ ಗೂಢಲಿಪೀಕರಣದ ಸುರಂಗದೊಳಗೆ ಎಲ್ಲ ಹರಿವುಗಳೂ ಒಂದೇ ಜೋಡಿ ವಿಳಾಸದ ಅಡಿಯಲ್ಲಿ ಮರೆಯಾಗಿದ್ದರೆ, ಅಂಚಿನ ರೂಟರ್‌ಗೂ ಬೇರ್ಪಡಿಸಲು ಏನೂ ಸಿಗುವುದಿಲ್ಲ. ಇ1 ಸಂಪರ್ಕವನ್ನು ಸಾಗಿಸುವ ಸ್ಯೂಡೋವೈರ್ ಸ್ವಭಾವತಃ ಒಂದೇ ಹರಿವು. ಅದನ್ನು ಹಂಚಬಾರದು ಕೂಡ.

ಜಾಲದುದ್ದಕ್ಕೂ ಎಲ್ಲ ರೂಟರ್‌ಗಳು ಒಂದೇ ಹ್ಯಾಶ್ ಸೂತ್ರವನ್ನು ಒಂದೇ ಆರಂಭಿಕ ಸಂಖ್ಯೆಯೊಡನೆ ಬಳಸಿದರೆ ಇನ್ನೊಂದು ತೊಂದರೆ ಹುಟ್ಟುತ್ತದೆ. ಮೊದಲ ರೂಟರ್ ಸಮಸಂಖ್ಯೆಯ ಉತ್ತರ ಬಂದ ಹರಿವುಗಳನ್ನೆಲ್ಲ ಒಂದು ಕಡೆಗೆ ಕಳಿಸಿದ ಮೇಲೆ, ಆ ಕಡೆಯ ರೂಟರ್‌ಗೂ ಅವೇ ಸಮಸಂಖ್ಯೆಗಳು ದೊರೆತು ಅದರ ಎರಡು ಲಿಂಕ್‌ಗಳಲ್ಲಿ ಒಂದು ಖಾಲಿಯಾಗಿಯೇ ಉಳಿಯುತ್ತದೆ. ಪ್ರತಿ ರೂಟರ್‌ಗೂ ಬೇರೆ ಬೇರೆ ಆರಂಭಿಕ ಸಂಖ್ಯೆ ಕೊಡುವುದು ಇದಕ್ಕೆ ರೂಢಿಯ ಪರಿಹಾರ. ಪೇರಿಕೆ ಎತ್ತರವಾದಂತೆ, ಮೇಲಿನ ಕೆಲವೇ ಲೇಬಲ್‌ಗಳನ್ನು ಓದಬಲ್ಲ ಹಳೆಯ ಯಂತ್ರಗಳಿಗೆ ತಳದ ಗುರುತು ಎಟುಕದೆ ಹೋಗುವುದೂ ಉಂಟು.

ತಪಾಸಣೆಯೂ ಜಟಿಲವಾಗುತ್ತದೆ. ಸ್ಯೂಡೋವೈರ್ ಜೀವಂತವಾಗಿದೆಯೇ ಎಂದು ನೋಡಲು ಕಳಿಸುವ ಪರೀಕ್ಷಾ ಪ್ಯಾಕೆಟ್ ಹಲವು ಲಿಂಕ್‌ಗಳಲ್ಲಿ ಒಂದನ್ನೇ ಹಿಡಿಯುವುದರಿಂದ, ಬೇರೊಂದು ಲಿಂಕ್ ಕೆಟ್ಟಿದ್ದರೂ ಪರೀಕ್ಷೆ ಯಶಸ್ವಿಯಾದಂತೆ ತೋರಬಹುದು. ಎಲ್ಲ ಸರಿಯಿದೆ ಎಂದು ಕಚೇರಿಯ ಪರದೆ ಹೇಳುತ್ತಿರುವಾಗಲೇ ಕೆಲವು ಬಳಕೆದಾರರಿಗೆ ಮಾತ್ರ ಪುಟ ತೆರೆಯದಿರುವುದು ಇಂಥ ಸಂದರ್ಭದ ಲಕ್ಷಣ. ಗುರುತಿನ ಬೆಲೆಯನ್ನು ಬದಲಿಸುತ್ತ ಪ್ರತಿ ದಾರಿಯನ್ನೂ ಪ್ರತ್ಯೇಕವಾಗಿ ಪರೀಕ್ಷಿಸುವುದು ಅಗತ್ಯವಾಗುತ್ತದೆ.

ಪಂಚಾಯಿತಿಯ ತನಕ ಎಂಪಿಎಲ್‌ಎಸ್

ಇದುವರೆಗೆ ದೊಡ್ಡ ನಗರಗಳ ಸೇವಾದಾತರಿಗೆ ಸೇರಿದ್ದೆಂದು ತೋರುತ್ತಿದ್ದ ಈ ವಿಷಯವು ಭರಮಸಾಗರದಂಥ ಊರುಗಳಿಗೂ ಸಂಬಂಧಿಸುವಂತಾದದ್ದು ಭಾರತ್‌ನೆಟ್ ಯೋಜನೆಯ ಹೊಸ ರೂಪದಿಂದ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ರಾಷ್ಟ್ರೀಯ ಯೋಜನೆಗೆ ಕೇಂದ್ರ ಸಂಪುಟ 2011ರ ಅಕ್ಟೋಬರ್ 25ರಂದು ಒಪ್ಪಿಗೆ ನೀಡಿತು. ಮೊದಲ ಹಂತದಲ್ಲಿ ಬ್ಲಾಕ್ ಕೇಂದ್ರದಿಂದ ಪಂಚಾಯಿತಿಗೆ ಜಿಪಾನ್ ತಂತ್ರದ ಒಂದೆಳೆಯ ಸಂಪರ್ಕವಿತ್ತು. ರಸ್ತೆ ಅಗಲೀಕರಣಕ್ಕೋ ಪೈಪ್ ಹೂಳುವುದಕ್ಕೋ ಅಗೆದಾಗ ಕೇಬಲ್ ತುಂಡಾದರೆ ಊರಿನ ಸಂಪರ್ಕವೇ ಕಡಿದುಹೋಗುತ್ತಿತ್ತು. 2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಸುಮಾರು 1.39 ಲಕ್ಷ ಕೋಟಿ ರೂಪಾಯಿಗಳ ತಿದ್ದುಪಡಿಯಾದ ಯೋಜನೆಯು 2.64 ಲಕ್ಷ ಪಂಚಾಯಿತಿಗಳನ್ನು ಉಂಗುರದ ಆಕಾರದಲ್ಲಿ ಜೋಡಿಸುವುದನ್ನೂ, ಬ್ಲಾಕ್ ಮತ್ತು ಪಂಚಾಯಿತಿಗಳಲ್ಲಿ ಐಪಿ-ಎಂಪಿಎಲ್‌ಎಸ್ ರೂಟರ್‌ಗಳನ್ನು ಇಡುವುದನ್ನೂ ಒಳಗೊಂಡಿದೆ.

ಉಂಗುರದ ಜೋಡಣೆ ತಾನಾಗಿಯೇ ಹೊರೆಯ ಹಂಚಿಕೆಯಾಗುವುದಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಉಂಗುರದ ಮೇಲಿನ ಬಹುತೇಕ ಪಂಚಾಯಿತಿಗಳಿಗೆ ಬ್ಲಾಕ್ ಕೇಂದ್ರವು ಒಂದು ಬದಿಯಿಂದ ಹತ್ತಿರ, ಇನ್ನೊಂದು ಬದಿಯಿಂದ ದೂರ. ದಾರಿಗಳು ಸಮಾನವಲ್ಲದ ಕಾರಣ ದಟ್ಟಣೆ ಹತ್ತಿರದ ಬದಿಯಿಂದಲೇ ಹರಿದು, ಅದು ಕಡಿದಾಗ ಮಾತ್ರ ಇನ್ನೊಂದು ಬದಿಗೆ ತಿರುಗುತ್ತದೆ. ಊರಿನ ಮಟ್ಟದಲ್ಲಿ ಎರಡನೆಯ ದಾರಿ ರಕ್ಷಣೆಗಾಗಿ ಇರುವಂಥದು. ನಿಜವಾದ ಹಂಚಿಕೆಯ ಪ್ರಶ್ನೆ ಏಳುವುದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಉಂಗುರಗಳಂಥವು ಕೂಡಿಕೊಳ್ಳುವ ಮೇಲಿನ ಹಂತದಲ್ಲಿ. ಆದರೆ ಅಲ್ಲಿ ಹಂಚಿಕೆ ಸರಿಯಾಗಬೇಕಾದರೆ ಗುರುತು ಹಾಕಬೇಕಾದದ್ದು ಕೆಳಗಿನ ಅಂಚಿನಲ್ಲಿ, ಅಂದರೆ ಸ್ಯೂಡೋವೈರ್ ಆರಂಭವಾಗುವ ರೂಟರ್‌ನಲ್ಲಿಯೇ. ಬೆಂಗಳೂರಿನ ಕಡೆಯ ಲಿಂಕ್‌ಗಳು ಸಮವಾಗಿ ತುಂಬುವುದು ಹೋಬಳಿ ಅಥವಾ ಬ್ಲಾಕಿನ ಯಂತ್ರದಲ್ಲಿ ಮಾಡಿದ ಒಂದು ಚಿಕ್ಕ ನಿರ್ಧಾರವನ್ನು ಅವಲಂಬಿಸಿದೆ.

ಸಾರ್ವಜನಿಕ ಹಣದಿಂದ ಹಾಕಿದ ಎರಡು ಲಿಂಕ್‌ಗಳಲ್ಲಿ ಒಂದು ತುಂಬಿ ತುಳುಕುತ್ತ ಇನ್ನೊಂದು ಬರಿದಾಗಿದ್ದರೆ, ಮೂರನೆಯದನ್ನು ಕೊಳ್ಳುವ ಪ್ರಸ್ತಾವ ಸುಲಭವಾಗಿ ಮೇಜಿನ ಮೇಲೆ ಬರುತ್ತದೆ. ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಗಳು ಕೆಲವೇ: ಈಥರ್‌ನೆಟ್ ಸ್ಯೂಡೋವೈರ್‌ಗಳಲ್ಲಿ ಕಂಟ್ರೋಲ್ ವರ್ಡ್ ಇದೆಯೇ, ಎರಡೂ ಅಂಚುಗಳು ಫ್ಲೋ ಲೇಬಲ್‌ಗೆ ಒಪ್ಪಿಕೊಂಡಿವೆಯೇ, ನಡುವಿನ ರೂಟರ್‌ಗಳು ಆ ಲೇಬಲ್‌ನವರೆಗೆ ಓದಬಲ್ಲವೇ, ಅವುಗಳ ಹ್ಯಾಶ್ ಆರಂಭಿಕ ಸಂಖ್ಯೆಗಳು ಬೇರೆ ಬೇರೆಯಾಗಿವೆಯೇ, ತಪಾಸಣೆ ಎಲ್ಲ ದಾರಿಗಳನ್ನೂ ಮುಟ್ಟುತ್ತಿದೆಯೇ. ಈ ಅಂಶಗಳನ್ನು ಉಪಕರಣ ಖರೀದಿಯ ಟೆಂಡರಿನಲ್ಲಿಯೇ ಬರೆದಿಟ್ಟರೆ ತಗಲುವ ವೆಚ್ಚ ಅಲ್ಪ. ಜಾಲ ಕಟ್ಟಿ ಮುಗಿದ ಮೇಲೆ, ಫ್ಲೋ ಲೇಬಲ್ ಅರಿಯದ ರೂಟರ್ ಒಂದು ತುದಿಯಲ್ಲಿ ಉಳಿದುಬಿಟ್ಟರೆ, ಆ ಸ್ಯೂಡೋವೈರ್ ಎಷ್ಟೇ ಲಿಂಕ್ ಕೊಂಡರೂ ಒಂದೇ ಲಿಂಕಿನ ಮೇಲೆ ಸಾಗಬೇಕಾಗುತ್ತದೆ.